ಶ್ವಾಸಕೋಶದ ಕ್ಲಾಟ್ ಹುಡುಕುವಾಗ: ಬೋಲಸ್ ಟ್ರ್ಯಾಕಿಂಗೋ, ಟೆಸ್ಟ್ ಬೋಲಸ್ಸೋ?

ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪು ಸಿಟಿ ಸ್ಕ್ಯಾನಿನಲ್ಲಿ ತಾನಾಗಿ ಎದ್ದು ಕಾಣುವುದು ಅಪರೂಪ. ಸುತ್ತಲಿನ ರಕ್ತವು ಅಯೋಡಿನ್ ಬೆರೆತು ಬೆಳ್ಳಗಾದಾಗ, ಆ ಬಿಳುಪಿನ ನಡುವೆ ಉಳಿದ ಕಪ್ಪು ಕಲೆಯಾಗಿ ಅದು ಗೋಚರಿಸುತ್ತದೆ. ಸಿರೆಗೆ ಬಿಡುವ ಈ ಅಯೋಡಿನ್ ಔಷಧ, ಅಂದರೆ ಕಾಂಟ್ರಾಸ್ಟ್, ಇಲ್ಲದ ರಕ್ತದ ಅಳತೆ ಸಿಟಿ ಚಿತ್ರದ ಬಿಳುಪನ್ನು ಅಳೆಯುವ ಮಾನದಲ್ಲಿ ಸುಮಾರು 40 ಹೌನ್ಸ್‌ಫೀಲ್ಡ್ ಇದ್ದರೆ, ಸಣ್ಣ ಕವಲುಗಳನ್ನೂ ನಂಬಿಕೆಯಿಂದ ಓದಲು ನಮಗೆ 250ರ ಆಸುಪಾಸು ಬೇಕು. ಆ ಬಿಳುಪು ನಿಲ್ಲುವುದು ಕೆಲವೇ ಸೆಕೆಂಡು. ಸಿಟಿ ಟೆಕ್ನಾಲಜಿಸ್ಟ್ ಆಗಿ ಆ ಸೆಕೆಂಡುಗಳನ್ನು ಹಿಡಿಯುವ ಎರಡೂ ಕ್ರಮಗಳನ್ನು ನಾನು ಬಳಸಿದ್ದೇನೆ. ಬೋಲಸ್ ಎಂದರೆ ಒಮ್ಮೆಗೇ ವೇಗವಾಗಿ ಬಿಡುವ ಔಷಧದ ಪ್ರಮಾಣ.

ಬೋಲಸ್ ಟ್ರ್ಯಾಕಿಂಗ್‌ನಲ್ಲಿ ತೆರೆಯ ಚಿತ್ರದಲ್ಲಿ ಶ್ವಾಸಕೋಶದ ಅಪಧಮನಿಯ ಮುಖ್ಯ ಕಾಂಡದ ಮೇಲೆ ಸಣ್ಣ ವೃತ್ತವೊಂದನ್ನು ಇರಿಸಿ, ಸೆಕೆಂಡಿಗೆ 4 ಮಿ.ಲೀ. ವೇಗದಲ್ಲಿ 60 ಮಿ.ಲೀ. ಕಾಂಟ್ರಾಸ್ಟನ್ನೂ ಅದರ ಬೆನ್ನಿಗೇ 40 ಮಿ.ಲೀ. ಸಲೈನನ್ನೂ ಬಿಡುತ್ತೇವೆ; ವೃತ್ತದೊಳಗಿನ ಅಳತೆ 100 ದಾಟಿದೊಡನೆ ಯಂತ್ರ ತಾನೇ ಸ್ಕ್ಯಾನ್ ಶುರುಮಾಡುತ್ತದೆ. ಇದು ಬೇಗ ಮುಗಿಯುತ್ತದೆ, ಔಷಧವೂ ಉಳಿಯುತ್ತದೆ. ಆದರೆ ಏದುಸಿರು ಬಿಡುತ್ತಿರುವವರಲ್ಲಿ ವೃತ್ತವು ಕಾಂಡದಿಂದ ಜಾರುತ್ತದೆ, ತೋಳಿನಿಂದ ಔಷಧವನ್ನು ಹೃದಯಕ್ಕೆ ತರುವ ಪಕ್ಕದ ಮೇಲ್ಮಹಾಸಿರೆಯ ಕಣ್ಣು ಕೋರೈಸುವ ಗೆರೆಗಳು ಅದರೊಳಕ್ಕೆ ಚಾಚಿದರೆ ಯಂತ್ರ ಮೋಸಹೋಗಿ ಮೊದಲೇ ಹೊರಟುಬಿಡುತ್ತದೆ.

ಟೆಸ್ಟ್ ಬೋಲಸ್‌ನಲ್ಲಿ ಮೊದಲು 15 ಮಿ.ಲೀ. ಮಾತ್ರ ಬಿಟ್ಟು, ಒಂದೇ ಜಾಗದ ಚಿತ್ರಗಳನ್ನು ಸಾಲಾಗಿ ತೆಗೆದು, ಬಿಳುಪು ಎಷ್ಟನೆಯ ಸೆಕೆಂಡಿನಲ್ಲಿ ತುದಿ ಮುಟ್ಟಿತೆಂಬುದನ್ನು ನೋಡಿ ಸಮಯವನ್ನು ಕೈಯಾರೆ ನಿಗದಿಮಾಡಬೇಕು. ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ. ಮೂತ್ರಪಿಂಡ ಸೋತವರಲ್ಲಿ ಆ ಹೆಚ್ಚಿನ 15 ಮಿ.ಲೀ. ಕೊಡಲು ನನಗೆ ಮನಸ್ಸಾಗುವುದಿಲ್ಲ. ಹಾಗಿದ್ದೂ ಹೃದಯ ದುರ್ಬಲವಾಗಿರುವವರಿಗೆ ನಾನು ಆರಿಸುವುದು ಇದನ್ನೇ, ಏಕೆಂದರೆ ಅವರಲ್ಲಿ ಔಷಧ ಬರುವುದು ತಡ, ಏರುವುದು ನಿಧಾನ. 100 ದಾಟಿದ್ದು ತುದಿ ಮುಟ್ಟಿದ್ದಕ್ಕೆ ಸಾಕ್ಷಿಯಲ್ಲ. ಪುಸ್ತಕದಲ್ಲಿ ಹೆಚ್ಚಾಗಿ ಸಿಗದ ಲಾಭವೊಂದೂ ಇದೆ: ಮೈಯೊಳಗೆ ಹರಿಯುವ ಬಿಸಿಯ ಅನುಭವ ರೋಗಿಗೆ ಒಮ್ಮೆ ಆಗಿಹೋಗಿರುವುದರಿಂದ ನಿಜವಾದ ಸ್ಕ್ಯಾನಿನಲ್ಲಿ ಅವರು ಬೆಚ್ಚುವುದಿಲ್ಲ.

ಕಾಂಟ್ರಾಸ್ಟ್ ಬಾಟಲಿಗಳ ವಿಷಯದಲ್ಲಿ ನನಗೆ ಅಷ್ಟು ಹಟವಿಲ್ಲ. ಅಯೋಹೆಕ್ಸಾಲ್ 350 ಮತ್ತು ಅಯೋಡಿಕ್ಸನಾಲ್ 320 ಎರಡರಲ್ಲೂ ಒಳ್ಳೆಯ ಚಿತ್ರ ಬಂದಿದೆ. ಎರಡನೆಯದರ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ರಕ್ತದಷ್ಟೇ, ಅಂದರೆ 290ರಷ್ಟು, ಇರುವುದರಿಂದ ಬಿಸಿಯ ದೂರು ಕಡಿಮೆ. ಆದರೆ ಅದು ಮಂದ, 37 ಡಿಗ್ರಿಗೆ ಬೆಚ್ಚಗಾಗಿಸದೆ ಸಣ್ಣ ಕ್ಯಾನುಲಾದಲ್ಲಿ ನೂಕಿದರೆ ಇಂಜೆಕ್ಟರಿನ ಒತ್ತಡದ ಅಲಾರಂ ಕೂಗುತ್ತದೆ. ತೆಳ್ಳಗಿನವರಲ್ಲಿ ಎಕ್ಸ್-ರೇಯ ವೋಲ್ಟೇಜನ್ನು 120ರ ಬದಲು 100 ಕಿಲೋವೋಲ್ಟ್ ಇಟ್ಟರೆ ಅಯೋಡಿನ್ ಇನ್ನೂ ಬೆಳ್ಳಗೆ ಕಾಣುತ್ತದೆ. ಬಾಟಲಿ ಬದಲಿಸಿ ಪಡೆಯುವುದಕ್ಕಿಂತ ಈ ಗಳಿಕೆ ದೊಡ್ಡದು.

ಎರಡೂ ಕ್ರಮಗಳನ್ನು ಕೆಡಿಸುವುದು ಉಸಿರು. ಒಮ್ಮೆ ಅಜ್ಜಿಯೊಬ್ಬರಿಗೆ ಟ್ರ್ಯಾಕಿಂಗ್ ಸರಿಯಾಗಿಯೇ ಹೊರಟಿತ್ತು. "ಅಜ್ಜೀ, ಉಸಿರು ಜೋರಾಗಿ ಎಳೆದು ಹಿಡಿದುಕೊಳ್ಳಿ" ಎಂದೆ. ಪಾಪ, ಎದೆಯುಬ್ಬುವಷ್ಟು ಎಳೆದುಕೊಂಡರು. ಮೇಲ್ಮಹಾಸಿರೆ ಬೆಳ್ಳಗೆ ಉರಿಯುತ್ತಿತ್ತು, ಮಹಾಪಧಮನಿಯೂ ತುಂಬಿತ್ತು, ನಡುವಿನ ಶ್ವಾಸಕೋಶದ ಅಪಧಮನಿ ಮಾತ್ರ 150ರಲ್ಲಿ ಮಂಕಾಗಿತ್ತು. ಆಳವಾಗಿ ಉಸಿರೆಳೆದಾಗ ಹೊಟ್ಟೆಯ ಕಡೆಯಿಂದ ಕಾಂಟ್ರಾಸ್ಟ್ ಇಲ್ಲದ ರಕ್ತ ನುಗ್ಗಿ ಔಷಧವನ್ನು ತಿಳಿಗೊಳಿಸಿಬಿಡುತ್ತದೆ. ತಪ್ಪು ನನ್ನ ಮಾತಿನದು. ರೇಡಿಯಾಲಜಿಸ್ಟರನ್ನು ಕೇಳಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ವರದಿಯನ್ನು ಮತ್ತೊಮ್ಮೆ ನೋಡಿ, ಎರಡನೆಯ ಸಲ "ಎಂದಿನಂತೆ ಉಸಿರಾಡುತ್ತಿರಿ, ಹೇಳಿದಾಗ ಹಾಗೆಯೇ ನಿಲ್ಲಿಸಿ" ಎಂದಷ್ಟೇ ಹೇಳಿದೆ. ಬಲ ಕೆಳಹಾಲೆಯ ಕವಲಿನಲ್ಲಿ ಕ್ಲಾಟ್ ಸ್ಪಷ್ಟವಾಗಿ ಕಂಡಿತು. ಮೊದಲ ಸ್ಕ್ಯಾನಿನಲ್ಲಿ ಅದೇ ಜಾಗ ಬರಿಯ ಬೂದುಬಣ್ಣವಾಗಿತ್ತು.