ಪದ್ಮಿನಿಗೆ ಜಿಪ್ಸಿ ಎಂಜಿನ್: ಆಯಿಲ್ ಚೇಂಬರ್ ಯಾವುದು ಹಾಕಬೇಕು, ಎಲ್ಲಿ ಮಾಡಿಸಬೇಕು?

ಮೊದಲೇ ಹೇಳಿಬಿಡುತ್ತೇನೆ. ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೇರೆ ಎಂಜಿನ್ ಕೂರಿಸುತ್ತಿದ್ದರೆ ರೆಡಿಮೇಡ್ ಆಯಿಲ್ ಚೇಂಬರ್ (ಎಂಜಿನ್ ತಳದಲ್ಲಿ ಎಣ್ಣೆ ಹಿಡಿದಿಡುವ ತೊಟ್ಟಿ) ತರಿಸಬೇಡಿ. ಎಂಜಿನ್ ಜೊತೆ ಬಂದ ಕಂಪನಿ ಚೇಂಬರನ್ನೇ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೆ ಒಯ್ಯಿರಿ, ನಿಮ್ಮ ಗಾಡಿಯ ಅಳತೆಗೆ ಕತ್ತರಿಸಿ ವೆಲ್ಡಿಂಗ್ ಮಾಡಿಸಿಕೊಳ್ಳಿ. ಎರಡೂ ಥರದ ಚೇಂಬರನ್ನು ಕೈಯಲ್ಲಿ ಹಿಡಿದು, ಗಾಡಿ ಕೆಳಗೆ ಇಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಕೆಎ 22 ನಂಬರಿನ ಪದ್ಮಿನಿ. ಅದರ ಮೂಲ ಎಂಜಿನ್ 1089 ಸಿಸಿ. ಅದರ ಜಾಗಕ್ಕೆ ಬಂದದ್ದು ಮಾರುತಿ ಕಂಪನಿಯ ಜೀಪ್ ಥರದ ಗಾಡಿ ಜಿಪ್ಸಿ ಕಿಂಗ್‌ನ 1298 ಸಿಸಿ, 16 ವಾಲ್ವ್ ಎಂಜಿನ್. ಯಾಕೆ ಜಿಪ್ಸಿಯೇ ಅಂತ ಬಹಳ ಜನ ಕೇಳುತ್ತಾರೆ. ಪದ್ಮಿನಿ ಹಿಂದಿನ ಚಕ್ರಕ್ಕೆ ಎಳೆತ ಇರುವ ಗಾಡಿ, ಎಂಜಿನ್ ಉದ್ದಕ್ಕೆ ಕೂರುತ್ತದೆ. ಜಿಪ್ಸಿಯಲ್ಲೂ ಹಾಗೇ. ಮಾರುತಿ ಎಸ್ಟೀಮ್ ಕಾರಿನದೂ ಅದೇ 1298 ಸಿಸಿ, ಆದರೆ ಅದು ಅಡ್ಡಡ್ಡ ಕೂರುವ ಎಂಜಿನ್, ಅದರ ಗೇರ್‌ಬಾಕ್ಸ್ ನಮಗೆ ಬರುವುದಿಲ್ಲ. ಜಿಪ್ಸಿಯಲ್ಲಿ ಇನ್ನೊಂದು ಅನುಕೂಲ ಇದೆ. ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಎಳೆತ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಹಿಂದೆ ಬೇರೆಯಾಗಿ ಕೂತಿದೆ, ಹಾಗಾಗಿ ಐದು ಗೇರಿನ ಬಾಕ್ಸ್ ಅಷ್ಟನ್ನೇ ಎತ್ತಿ ತರಬಹುದು. ಬೆಳಗಾವಿ ಮಿಲಿಟರಿ ಊರು ಬೇರೆ, ಜಿಪ್ಸಿ ಅಂದ್ರೆ ಇಲ್ಲಿನ ಮಿಸ್ತ್ರಿಗಳಿಗೆ ಹೊಸದೇನೂ ಅಲ್ಲ.

ಎಂಜಿನ್ ಕೂರಿಸುವ ಮುಂಚೆ ಆರ್‌ಟಿಒ ಒಪ್ಪಿಗೆ ತಗೊಳ್ಳಿ. ಗಾಡಿಯಲ್ಲಿ ಮಾಡುವ ಇಂಥ ಬದಲಾವಣೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕೆಳಗೆ ಬರುತ್ತದೆ. ಆಮೇಲೆ ಮಾಡಿಸೋಣ ಅಂತ ಬಿಟ್ಟರೆ ಇನ್ಶೂರೆನ್ಸ್‌ನವರು ಅದೊಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಹುದು.

ಈಗ ಚೇಂಬರ್ ವಿಷಯಕ್ಕೆ ಬರೋಣ. ಎಂಜಿನ್ ಬದಲಿಸುವವರು ಎಂಜಿನ್ ಹೊತ್ತು ನಿಲ್ಲುವ ಮೌಂಟಿಂಗ್ ಬಗ್ಗೆ ಯೋಚಿಸುತ್ತಾರೆ, ಸೈಲೆನ್ಸರ್ ಬಗ್ಗೆ ಯೋಚಿಸುತ್ತಾರೆ, ವೈರಿಂಗ್‌ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಚೇಂಬರ್ ಮಾತ್ರ ಕೊನೆಗೆ ನೆನಪಾಗುತ್ತದೆ. ಅಷ್ಟೊತ್ತಿಗೆ ಮೌಂಟಿಂಗ್ ವೆಲ್ಡ್ ಆಗಿರುತ್ತದೆ, ಎಂಜಿನ್ ಎಲ್ಲಿ ಕೂರಬೇಕು ಅಂತ ನಿರ್ಧಾರ ಆಗಿರುತ್ತದೆ, ಚೇಂಬರ್ ಕ್ರಾಸ್‌ಮೆಂಬರಿಗೆ (ಗಾಡಿ ಮುಂದೆ ಅಡ್ಡಕ್ಕಿರುವ ಕಬ್ಬಿಣದ ತೊಲೆ) ತಾಗುತ್ತದೆ ಅಂದ ಕೂಡಲೇ ಸುತ್ತಿಗೆ ತಗೊಂಡು ಬಡಿದು ಒಳಗೆ ತಳ್ಳುತ್ತಾರೆ. ಅಲ್ಲಿಂದಲೇ ಎಂಜಿನ್ನಿನ ಆಯಸ್ಸು ಕಡಿಮೆ ಆಗೋಕೆ ಶುರು. ಬಡಿದ ಜಾಗದಲ್ಲಿ ತಳ ಮೇಲೆದ್ದು ಸ್ಟ್ರೈನರ್ (ಪಂಪು ಎಣ್ಣೆ ಎಳೆದುಕೊಳ್ಳುವ ಜಾಲರಿ) ಬಾಯಿಗೆ ಹತ್ತಿರ ಬಂತು ಅಂದ್ರೆ ಪಂಪಿಗೆ ಎಣ್ಣೆ ಸರಿಯಾಗಿ ಸಿಗುವುದಿಲ್ಲ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಡಿಪ್‌ಸ್ಟಿಕ್ ಸರಿಯಾಗೇ ತೋರಿಸುತ್ತದೆ, ಒಂದು ದಿನ ರಾಡ್ ಬೇರಿಂಗ್ ಟಕಟಕ ಅನ್ನೋಕೆ ಶುರು ಮಾಡುತ್ತದೆ.

ಚೇಂಬರ್ ಅಂದ್ರೆ ಸುಮ್ನೆ ಎಣ್ಣೆ ತುಂಬಿಡುವ ಡಬ್ಬಿ ಅಲ್ಲ. ಬ್ರೇಕ್ ಹೊಡೆದಾಗ ಎಣ್ಣೆ ಮುಂದಕ್ಕೆ ನುಗ್ಗುತ್ತದೆ. ಏರು ಹತ್ತುವಾಗ ಹಿಂದಕ್ಕೆ ಹೋಗುತ್ತದೆ. ತಿರುವಿನಲ್ಲಿ ಒಂದು ಬದಿಗೆ ಏರುತ್ತದೆ. ಈ ಎಲ್ಲ ಹೊತ್ತಿನಲ್ಲೂ ಸ್ಟ್ರೈನರ್ ಬಾಯಿ ಎಣ್ಣೆಯೊಳಗೆ ಮುಳುಗಿರಬೇಕು. ಅದಕ್ಕೇ ಒಳಗೆ ಅಡ್ಡ ಪಟ್ಟಿ ಇರುತ್ತದೆ, ಬ್ಯಾಫಲ್ ಅಂತಾರೆ. ಇನ್ನು ಎಣ್ಣೆಯ ಮಟ್ಟ ಮೇಲೆ ತಿರುಗುವ ಕ್ರ್ಯಾಂಕ್ ದಂಡಕ್ಕೆ ತಾಗುವಷ್ಟು ಮೇಲೆ ಬರಬಾರದು. ತಾಗಿದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆ ಎಳೆದುಕೊಂಡ ಪಂಪಿನಿಂದ ಪ್ರೆಶರ್ ಬರುವುದಿಲ್ಲ. ಆಳ ಕಡಿಮೆ ಮಾಡಿ ಅಷ್ಟೇ ಎಣ್ಣೆ ಸುರಿದರೆ ಆಗುವುದು ಇದೇ.

ರೆಡಿಮೇಡ್ ಚೇಂಬರ್ ಕಥೆ ಕೇಳಿ. ನನ್ನ ಗೆಳೆಯರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ್ದರು. ಮಾರಿದವರ ಹೆಸರು ಬೇಡ. ಎಂಜಿನ್ ಬದಲಿಸಿದ ಎಲ್ಲ ಗಾಡಿಗೂ ಕೂರುತ್ತದೆ ಅಂತ ಬರೆದಿದ್ದರು. ನೋಡೋಕೆ ಬಹಳ ಚೆನ್ನಾಗಿತ್ತು, ಕಪ್ಪು ಪೌಡರ್ ಕೋಟಿಂಗ್, ಮಿರಮಿರ ಮಿಂಚುತ್ತಿತ್ತು. ಅದನ್ನು ದಪ್ಪ ಗಾಜಿನ ಮೇಲೆ ಬೋರಲು ಹಾಕಿ ಅಂಚಿನ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದೆ. ನಡುವೆ ಸಲೀಸಾಗಿ ಒಳಗೆ ಹೋಯಿತು. ಅಂಚೇ ಸೊಟ್ಟ. ಅಂಥದ್ದಕ್ಕೆ ಎಷ್ಟು ಸಿಲಿಕಾನ್ ಬಳಿದರೂ ಸೋರುವುದು ನಿಲ್ಲುವುದಿಲ್ಲ. ಪತ್ರಾ ತೆಳ್ಳಗೆ, ಬೆರಳಲ್ಲಿ ಒತ್ತಿದರೆ ಟೊಕ್ ಅಂತ ಒಳಗೆ ಹೋಗಿ ವಾಪಸ್ ಬರುತ್ತಿತ್ತು. ಒಳಗೆ ಬ್ಯಾಫಲ್ಲೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಡ್ರೇನ್ ಬೋಲ್ಟನ್ನು ನೇರ ತಳಕ್ಕೆ, ಚೇಂಬರಿನ ಅತಿ ತಗ್ಗಿನ ಜಾಗಕ್ಕೆ ಹಾಕಿದ್ದರು. ನಮ್ಮ ಹಳ್ಳಿ ರಸ್ತೆಯ ಒಂದೇ ಒಂದು ಸ್ಪೀಡ್ ಬ್ರೇಕರ್ ಸಾಕು, ಬೋಲ್ಟ್ ಕಿತ್ತು ಎಣ್ಣೆಯೆಲ್ಲ ರಸ್ತೆಗೆ. ಆ ದುಡ್ಡಿಗೆ ಆ ಮಾಲು, ನನಗಂತೂ ಹೊಟ್ಟೆ ಉರಿಯಿತು.

ಅಮೆರಿಕದಲ್ಲಿ ಹಳೇ ಶೆವ್ರೊಲೆಗಳಿಗೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಎಂಜಿನ್ ಹಾಕುವವರ ಪರಿಸ್ಥಿತಿ ಬೇರೆ. ಅಲ್ಲಿ ಟ್ರಕ್ಕಿನ ಎಂಜಿನ್ ಅಗ್ಗಕ್ಕೆ ಸಿಗುತ್ತದೆ, ಆದರೆ ಟ್ರಕ್ಕಿನ ಚೇಂಬರ್ ಆಳ ಜಾಸ್ತಿ, ಕಾರಿನಲ್ಲಿ ನೆಲಕ್ಕೆ ತೀರಾ ಹತ್ತಿರ ಬರುತ್ತದೆ. ಅದಕ್ಕೆ 1998ರಿಂದ 2002ರವರೆಗಿನ ಶೆವ್ರೊಲೆ ಕಮಾರೋ ಕಾರಿನ ಚೇಂಬರ್ ಹುಡುಕಿ ಹಾಕುತ್ತಾರೆ, ಇಲ್ಲವೇ ಹಾಲಿ (Holley) ಅನ್ನುವ ಕಂಪನಿಯ 302-1, 302-2 ಅಂತ ನಂಬರಿನ ಚೇಂಬರ್ ತರಿಸುತ್ತಾರೆ. ಒಂದೊಂದು ಗಾಡಿಗೆ ಯಾವುದು ಕೂರುತ್ತದೆ ಅಂತ ಪಟ್ಟಿಯೇ ಇದೆ. ಪದ್ಮಿನಿಗೆ ಅಂಥ ಪಟ್ಟಿ ಯಾರೂ ಮಾಡಿಲ್ಲ. ನಮ್ಮ ಗಾಡಿಯ ಅಳತೆ ನಾವೇ ತೆಗೆಯಬೇಕು.

ಕೆಲವರು ಅಲ್ಯೂಮಿನಿಯಂ ಚೇಂಬರ್ ಹಾಕಿ ಅಂತಾರೆ. ಹಗುರ, ಬೇಗ ತಣ್ಣಗಾಗುತ್ತದೆ, ನೋಡೋಕೂ ಚಂದ. ಆದರೆ ಕಲ್ಲು ಬಡಿದರೆ ಕಬ್ಬಿಣದ ಚೇಂಬರ್ ತಗ್ಗುತ್ತದೆ, ಎರಕದ ಅಲ್ಯೂಮಿನಿಯಂ ಸೀಳುತ್ತದೆ. ಖಾನಾಪುರದ ಆಚೆ ಕಾಡುದಾರಿಯಲ್ಲಿ ಸೀಳಿದರೆ ಯಾರನ್ನು ಕರೆಯುತ್ತೀರಿ? ಪದ್ಮಿನಿಯಂಥ ಗಾಡಿಗೆ ಉಕ್ಕಿನ ಪತ್ರಾದ್ದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ.

ನಾವು ಕೆಲಸ ಮಾಡಿಸಿದ್ದು ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗದ ಒಳಗಿರುವ ಒಂದು ಶೆಡ್ಡಿನಲ್ಲಿ. ಬೋರ್ಡ್ ಇಲ್ಲ. ಸುತ್ತಮುತ್ತ ಫೌಂಡ್ರಿ, ಲೇಥ್, ಹೈಡ್ರಾಲಿಕ್ ಕೆಲಸದವರು. ಅಲ್ಲಿರುವ ಹಿರಿಯರನ್ನು ಎಲ್ಲರೂ ಕಾಕಾ ಅಂತಾರೆ, ನಾವೂ ಹಾಗೇ ಕರೆದೆವು. ಚೇಂಬರ್ ಟೇಬಲ್ ಮೇಲಿಟ್ಟ ಕೂಡಲೇ ಅವರು ಕೇಳಿದ ಮೊದಲ ಮಾತು, "ಸ್ಟ್ರೈನರ್ ತಂದೀರೇನ್ರೀ?" ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಬೇರೆ ಎರಡು ಕಡೆ ವಿಚಾರಿಸಿದಾಗ ಎಷ್ಟು ಇಂಚು ಕಡಿಮೆ ಮಾಡಬೇಕು ಅಂತ ಮಾತ್ರ ಕೇಳಿದ್ದರು. ಆಮೇಲೆ ಕಾಕಾ ಇನ್ನೊಂದು ಮಾತು ಹೇಳಿದರು, "ಎಂಜಿನ್ ಚೈನ್ ಬ್ಲಾಕಿಗೆ ತೂಗ್ಹಾಕಿ ಅಳತಿ ತಗದ್ರ ನಡ್ಯಾಂಗಿಲ್ಲ ನೋಡ್ರಿ, ಮೌಂಟಿಂಗ್ ರಬ್ಬರ್ ಮ್ಯಾಲೆ ಪೂರಾ ಭಾರ ಬಿಟ್ಟು ತಗೀರಿ." ಬಹಳ ಮುಖ್ಯವಾದ ಮಾತು ಇದು. ರಬ್ಬರ್ ಭಾರಕ್ಕೆ ಕೂರುತ್ತದೆ, ಎಂಜಿನ್ ಅಷ್ಟು ಕೆಳಗೆ ಬರುತ್ತದೆ. ರೇಸ್ ಕೊಟ್ಟಾಗ ಪಕ್ಕಕ್ಕೆ ಹೊರಳುವುದು ಬೇರೆ.

ಹಾಗೆ ಅಳತೆ ತೆಗೆದೆವು. ಜಿಪ್ಸಿಯ ಚೇಂಬರ್ ಜಿಪ್ಸಿಯ ಮುಂದಿನ ಆಕ್ಸಲ್‌ಗೆ ಜಾಗ ಬಿಟ್ಟು ಮಾಡಿದ್ದು. ಪದ್ಮಿನಿಯಲ್ಲಿ ಅಲ್ಲಿ ಆಕ್ಸಲ್ ಇಲ್ಲ, ಕ್ರಾಸ್‌ಮೆಂಬರ್ ಇದೆ, ಅದರ ಆಕಾರವೇ ಬೇರೆ. ನಮ್ಮ ಗಾಡಿಯಲ್ಲಿ ಆಳದ ಭಾಗದ ಮುಂದಿನ ಮೂಲೆ ಕ್ರಾಸ್‌ಮೆಂಬರಿಗೆ ತಾಗುತ್ತಿತ್ತು. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ರಾಡುಗಳು ಎಲ್ಲಿಗೆ ಬರುತ್ತವೆ ಅಂತಲೂ ನೋಡಿದೆವು. ಇದನ್ನು ಬಿಡಬೇಡಿ, ಚಕ್ರ ನೇರ ಇದ್ದಾಗ ಬೇಕಾದಷ್ಟು ಜಾಗ ಕಾಣುತ್ತದೆ, ತಿರುಗಿಸಿದಾಗ ಇರುವುದಿಲ್ಲ.

ಕಾಕಾ ಮಾಡಿದ್ದು ಇಷ್ಟು. ಮುಂದಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದರು. ಅಲ್ಲಿ ಕಡಿಮೆಯಾದ ಎಣ್ಣೆಯ ಜಾಗವನ್ನು ಎರಡೂ ಪಕ್ಕಕ್ಕೆ ಕಿವಿಯ ಹಾಗೆ ಅಗಲ ಮಾಡಿ ತುಂಬಿಕೊಟ್ಟರು. ಆಳ ಬದಲಾಗಲಿಲ್ಲ, ಸ್ಟ್ರೈನರ್ ಇದ್ದಲ್ಲೇ ಇದೆ, ಎಣ್ಣೆ ಮೊದಲಿನಷ್ಟೇ ಹಿಡಿಯುತ್ತದೆ. ಚೇಂಬರಿನ ತಳ ಕ್ರಾಸ್‌ಮೆಂಬರಿಗಿಂತ ಮೇಲೇ ಇದೆ, ಏನಾದರೂ ಬಡಿದರೆ ಮೊದಲು ಕ್ರಾಸ್‌ಮೆಂಬರಿಗೇ ಬಡಿಯಬೇಕು. ಡ್ರೇನ್ ಬೋಲ್ಟ್ ಹಿಂದಿನ ಗೋಡೆಯಲ್ಲಿದೆ.

ನಾನು ಬೆರಗಾಗಿ ನೋಡಿದ್ದು ವೆಲ್ಡಿಂಗ್ ಮಾಡಿದ ರೀತಿ. ಶೆಡ್ಡಿನ ಮೂಲೆಯಲ್ಲಿ ಅದೇ ಜಾತಿಯ ಒಡೆದ ಎಂಜಿನ್ ಬ್ಲಾಕ್ ಒಂದಿತ್ತು. ಚೇಂಬರನ್ನು ಎಲ್ಲ ಬೋಲ್ಟ್ ಹಾಕಿ ಅದಕ್ಕೆ ಬಿಗಿದು, ಬ್ಲಾಕ್ ಸಮೇತ ತಲೆಕೆಳಗು ಮಾಡಿ, ಆಮೇಲೆ ಟಿಗ್ ವೆಲ್ಡಿಂಗ್ ಶುರು ಮಾಡಿದರು. ಒಂದು ಕಡೆ ಸ್ವಲ್ಪ, ಅದು ಆರುವಷ್ಟರಲ್ಲಿ ಎದುರು ಕಡೆ ಸ್ವಲ್ಪ. ಕಾವಿಗೆ ಅಂಚು ಸೊಟ್ಟ ಆಗಬಾರದು ಅಂತ ಇಷ್ಟೆಲ್ಲ. ಮುಗಿದ ಮೇಲೆ ಬ್ಲಾಕಿನಿಂದ ಬಿಚ್ಚಿ, ಹೊಲಿಗೆಗಳ ಹೊರಗಡೆ ಸೀಮೆಸುಣ್ಣ ತಿಕ್ಕಿದರು, ಒಳಗೆ ಸೀಮೆಎಣ್ಣೆ ಸುರಿದು ರಾತ್ರಿಯಿಡೀ ಬಿಟ್ಟರು. ಎಲ್ಲಾದರೂ ಸೂಜಿ ಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಒದ್ದೆ ಕಲೆ ಮೂಡುತ್ತದೆ. ಬೆಳಿಗ್ಗೆ ಒಂದು ಕಡೆ, ಬಲಗಡೆಯ ಕಿವಿ ಮೂಲೆಯಲ್ಲಿ, ಕಲೆ ಕಂಡಿತು. ನಾನು ಏನೂ ಹೇಳುವ ಮುಂಚೆಯೇ ಅವರೇ ಅಲ್ಲಿ ಗ್ರೈಂಡ್ ಮಾಡಿ ಮತ್ತೆ ತುಂಬಿ, ಮತ್ತೆ ಸೀಮೆಎಣ್ಣೆ ಹಾಕಿಟ್ಟರು.

ಸ್ಟ್ರೈನರ್ ಅಂತರ ಹೇಗೆ ನೋಡಿದರು ಗೊತ್ತಾ? ಮಕ್ಕಳು ಆಡುವ ಕ್ಲೇ ತಂದು ಸ್ಟ್ರೈನರ್ ಬಾಯಿಗೆ ಮುದ್ದೆ ಅಂಟಿಸಿ, ಪ್ಯಾಕಿಂಗ್ (ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್) ಇಟ್ಟು ಚೇಂಬರ್ ಕೂರಿಸಿ, ಬಿಚ್ಚಿ, ಚಪ್ಪಟೆಯಾದ ಕ್ಲೇಯನ್ನು ಕತ್ತರಿಸಿ ಅಳೆದರು. 8 ಮಿಲಿಮೀಟರ್ ಬಂತು. ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಒಳಗೆ ಇರಬೇಕು. ತೀರಾ ಹತ್ತಿರ ಆದರೆ ಎಣ್ಣೆ ಎಳೆಯೋಕೆ ಆಗುವುದಿಲ್ಲ, ದೂರ ಆದರೆ ಎಣ್ಣೆ ಸರಿದಾಗ ಗಾಳಿ ಎಳೆಯುತ್ತದೆ.

ಒಳಗೆ ಬಣ್ಣ ಹೊಡೆಯಲಿಲ್ಲ, ಅದೂ ಸರಿಯೇ. ಬಿಸಿ ಎಣ್ಣೆಗೆ ಬಣ್ಣ ಎದ್ದು ಬಂದರೆ ನೇರ ಸ್ಟ್ರೈನರಿಗೆ ಹೋಗುತ್ತದೆ. ಸಿಲಿಕಾನ್ ವಿಷಯದಲ್ಲೂ ಇದೇ ಮಾತು. ತೆಳುವಾಗಿ ಎಳೆಯಿರಿ. ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ, ಆ ತುಂಡು ಒಂದು ದಿನ ಕಳಚಿಕೊಳ್ಳುತ್ತದೆ. ಚೇಂಬರಿನ ಬೋಲ್ಟುಗಳು ಸಣ್ಣವು, 10 ನ್ಯೂಟನ್ ಮೀಟರ್ ಹತ್ತಿರ ಬಿಗಿದರೆ ಸಾಕು. ದೊಡ್ಡ ಪಾನಾ ಹಾಕಿ ಜಗ್ಗಿದರೆ ಅಂಚು ಬೋಲ್ಟಿನ ಸುತ್ತ ತಗ್ಗಿ, ನಡುವೆ ಸೋರೋಕೆ ಶುರುವಾಗುತ್ತದೆ.

ಆಮೇಲೆ ಚೋರ್ಲಾ ಘಾಟ್‌ಗೆ ಹೋದೆವು. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಗೋವಾ ಕಡೆ ಇಳಿಯುವ ದಾರಿ. ಚೇಂಬರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ರಸ್ತೆ ನಮ್ಮ ಕಡೆ ಇಲ್ಲ. ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್, ಕೂಡಲೇ ತಿರುವು, ಎಣ್ಣೆ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೇ ಓಡುತ್ತದೆ. ಹೋಗುವ ಮುಂಚೆ ಪ್ರೆಶರ್ ಗೇಜ್ ಹಾಕಿಸಿದ್ದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡಿ, ಅದು ಸಾಮಾನ್ಯವಾಗಿ 0.3ರಿಂದ 0.5 ಬಾರ್‌ಗೆ ಇಳಿದಾಗ ಹತ್ತುವುದು, ಅಷ್ಟೊತ್ತಿಗೆ ಬೇರಿಂಗ್ ಒಣಗಿರುತ್ತದೆ. ಪಕ್ಕದಲ್ಲಿ ಕೂತ ತಮ್ಮನಿಗೆ ಗೇಜ್ ಬಿಟ್ಟು ಬೇರೇನೂ ನೋಡಬೇಡ ಅಂತ ಹೇಳಿದ್ದೆ. ಇಳಿಯುವಾಗಲೂ, ವಾಪಸ್ ಹತ್ತುವಾಗಲೂ ತಿರುವುಗಳಲ್ಲಿ ಸೂಜಿ ಒಮ್ಮೆಯೂ ಬೀಳಲಿಲ್ಲ. ಮನೆಗೆ ಬಂದು ಕೆಳಗೆ ಹಳೇ ಪೇಪರ್ ಹಾಸಿ ಬಿಟ್ಟೆ, ಬೆಳಿಗ್ಗೆ ಒಂದು ಹನಿ ಇಲ್ಲ. ಆ ಖುಷಿ ಹೇಳೋಕಾಗಲ್ಲ.

ಶೆಡ್ಡಿನ ಬಗ್ಗೆ ತಕರಾರು ಇಲ್ಲ ಅಂತಲ್ಲ. ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ. ದೊಡ್ಡ ಕಾರ್ಖಾನೆಯ ಕೆಲಸ ಬಂದರೆ ನಮ್ಮದು ಪಕ್ಕಕ್ಕೆ ಸರಿಯುತ್ತದೆ. ಫೋನ್ ಎತ್ತುವುದಿಲ್ಲ, ಹೋಗಿ ಎದುರು ನಿಲ್ಲಬೇಕು. ಬಿಲ್ ಕೇಳಿದರೆ ಚೀಟಿ ಮೇಲೆ ಬರೆದು ಕೊಟ್ಟರು. ಹೊರಗಿನ ಬಣ್ಣ ಅಷ್ಟಕ್ಕಷ್ಟೇ, ಬ್ರಷ್ಷಿನ ಗೆರೆ ಕಾಣುತ್ತದೆ. ಆದರೂ ಗೆಳೆಯರು ಆ ರೆಡಿಮೇಡ್ ಮಾಲಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಕಡಿಮೆಗೆ ಇಷ್ಟು ಕೆಲಸ ಮುಗಿಯಿತು. ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ, ಹೇಳಿದ ಮಾತಿನಂತೆ ನಡೆಯುವುದಕ್ಕೆ ಎರಡು.

ಉದ್ಯಮಬಾಗದಲ್ಲಿ ಇಂಥ ಶೆಡ್‌ಗಳು ಇನ್ನೂ ಇವೆ. ಎಲ್ಲಿಗೇ ಹೋದರೂ ಸ್ಟ್ರೈನರ್, ಹಳೇ ಪ್ಯಾಕಿಂಗ್, ಡಿಪ್‌ಸ್ಟಿಕ್ ಮತ್ತು ಅದರ ಪೈಪ್ ಜೊತೆಗೆ ಒಯ್ಯಿರಿ. ಕ್ರಾಸ್‌ಮೆಂಬರಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಹೋಗಿ. ಚೇಂಬರ್ ಬದಲಾದ ಮೇಲೆ ಡಿಪ್‌ಸ್ಟಿಕ್‌ನ ಹಳೇ ಗೆರೆ ನಂಬುವ ಹಾಗಿಲ್ಲ. ಹೊಸ ಫಿಲ್ಟರ್ ಹಾಕಿ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಎಣ್ಣೆ ಅಳೆದು ಸುರಿದು, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಎಣ್ಣೆ ಕೆಳಗಿಳಿಯಲು ಬಿಟ್ಟು, ಎಲ್ಲಿಗೆ ನಿಂತಿದೆಯೋ ಅಲ್ಲಿ ಅರದಿಂದ ಹೊಸ ಗೆರೆ ಹಾಕಿ. ಗಾಡಿ ಸಮತಟ್ಟು ನೆಲದ ಮೇಲೆ ನಿಂತಿರಬೇಕು, ಜಾಕ್ ಮೇಲೆ ಇದ್ದಾಗ ಹಾಕಿದ ಗೆರೆ ಕೆಲಸಕ್ಕೆ ಬರುವುದಿಲ್ಲ.