ಒಂದೇ ಅಂಗಡಿ, ಮೂರು ಸ್ಪೆಲ್ಲಿಂಗ್: ಓಪನ್‌ರಿಫೈನ್ ಬಳಸಿ ನೋಡಿದೆ

ನಮ್ಮದು ಹುಬ್ಬಳ್ಳಿಯಲ್ಲಿ ಸಗಟು ವ್ಯಾಪಾರ. ಬಿಲ್ಲಿಂಗ್‌ನಲ್ಲಿದ್ದ ಗಿರಾಕಿಗಳ ಮಾಸ್ಟರ್ ಪಟ್ಟಿಗೆ, ಅಂಗಡಿ ಅಂಗಡಿ ಸುತ್ತಿ ಆರ್ಡರ್ ತರುವ ಲೈನ್ ಹುಡುಗರು ಮೊಬೈಲಿನಲ್ಲಿ ಬರೆದುಕೊಂಡಿದ್ದ ಇನ್ನೊಂದು ಪಟ್ಟಿ ಸೇರಿಸಬೇಕಿತ್ತು. ಸುಮ್ನೆ ಕೆಳಗೆ ಅಂಟಿಸಿದ್ದರೆ ಒಬ್ಬನೇ ಗಿರಾಕಿಗೆ ಎರಡು ಬಾಕಿ ಲೆಕ್ಕ ಆಗುತ್ತಿತ್ತು. ಅದಕ್ಕೇ ಇಂಥ ಗಲೀಜು ಪಟ್ಟಿಗಳನ್ನು ಸರಿಮಾಡುವ, ಪುಕ್ಕಟೆ ಸಿಗುವ ಓಪನ್‌ರಿಫೈನ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ. ಹಿಂದೆ ಇದೇ ಗೂಗಲ್ ರಿಫೈನ್ ಆಗಿತ್ತು. ಬ್ರೌಸರ್‌ನಲ್ಲಿ ತೆರೆದರೂ ಓಡುವುದು ನಮ್ಮ ಕಂಪ್ಯೂಟರ್‌ನಲ್ಲೇ, ಹಾಗಾಗಿ ಗಿರಾಕಿಗಳ ಫೋನ್ ನಂಬರ್ ಹೊರಗೆ ಹೋಗುವ ಭಯವಿಲ್ಲ.

ಇದರ ಜೀವ ಇರುವುದು ಒಂದೇ ಇರಬಹುದಾದ ಹೆಸರುಗಳನ್ನು ಗುಂಪು ಮಾಡಿ ತೋರಿಸುವ ಕ್ಲಸ್ಟರ್ ಅನ್ನೋ ಸೌಲಭ್ಯದಲ್ಲಿ. ಫಿಂಗರ್‌ಪ್ರಿಂಟ್ ವಿಧಾನಕ್ಕೆ ಪದಗಳ ಹಿಂದುಮುಂದು, ಅಲ್ಪವಿರಾಮ ಯಾವುದೂ ಲೆಕ್ಕಕ್ಕಿಲ್ಲ. 'ಬಸವೇಶ್ವರ ಕಿರಾಣಿ ಸ್ಟೋರ್ಸ್', 'ಕಿರಾಣಿ ಸ್ಟೋರ್ಸ್, ಬಸವೇಶ್ವರ' ಎರಡನ್ನೂ ತಕ್ಷಣ ಜೋಡಿ ಮಾಡುತ್ತದೆ. ಎಡವುವುದು ಇನಿಷಿಯಲ್‌ನಲ್ಲಿ. 'ಎಚ್.ಎಸ್.' ಅಂತ ಚುಕ್ಕೆ ಇಟ್ಟರೆ ಒಂದೇ ಪದ, ಜಾಗ ಬಿಟ್ಟರೆ ಎರಡು ಪದ, ಜೋಡಿ ತಪ್ಪಿತು.

ಸ್ಪೆಲ್ಲಿಂಗ್ ವ್ಯತ್ಯಾಸಕ್ಕೆ ಲೆವೆನ್‌ಸ್ಟೈನ್ ವಿಧಾನವಿದೆ, ಒಂದು ಹೆಸರು ಇನ್ನೊಂದಾಗಲು ಎಷ್ಟು ಅಕ್ಷರ ಬದಲಾಗಬೇಕು ಅಂತ ಎಣಿಸುತ್ತದೆ. ಇಂಗ್ಲಿಷಿನಲ್ಲಿ ಲಕ್ಷ್ಮಿ ಟ್ರೇಡರ್ಸ್ ಬರೆಯುವಾಗ ಒಬ್ಬ ಕೆ-ಎಸ್-ಎಚ್ ಹಾಕುತ್ತಾನೆ, ಇನ್ನೊಬ್ಬ ಎಕ್ಸ್ ಒಂದರಲ್ಲೇ ಮುಗಿಸುತ್ತಾನೆ. ಇದು ಮೂರಕ್ಷರದ ವ್ಯತ್ಯಾಸ, ಆದರೆ ಎಷ್ಟು ವ್ಯತ್ಯಾಸದವರೆಗೆ ಜೋಡಿ ಮಾಡಬಹುದು ಅನ್ನೋ ರೇಡಿಯಸ್ ಮೊದಲಿಗೆ 1 ಇರುತ್ತದೆ. ಅದನ್ನು 3 ಮಾಡಿದೆ, ಲಕ್ಷ್ಮಿಯರೇನೋ ಸೇರಿದರು, ಜೊತೆಗೆ ರಮಾ ಟ್ರೇಡರ್ಸ್ ಮತ್ತು ಉಮಾ ಟ್ರೇಡರ್ಸ್ ಕೂಡ ಒಂದೇ ಗುಂಪಿಗೆ ಬಂದರು! ನಾನು ನೋಡದೆ ಟಿಕ್ ಹಾಕಿ ಒಂದು ಮಾಡಿಬಿಟ್ಟೆ. ಪುಣ್ಯಕ್ಕೆ ಅನ್‌ಡೂ ಇದೆ, ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಹೋಗಬಹುದು.

ಆಮೇಲೆ ಹೆಸರು ಬಿಟ್ಟು ಜಿಎಸ್‌ಟಿ ನಂಬರ್ ಹಿಡಿದೆ. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಮುಂದಿನ ಹತ್ತು ಪ್ಯಾನ್. ಆ ಹತ್ತನ್ನು ಬೇರೆ ಕಾಲಮ್ ಮಾಡಿದಾಗ ಒಂದೇ ಪ್ಯಾನ್‌ಗೆ ಕರ್ನಾಟಕದ 29 ಒಂದು, ಮಹಾರಾಷ್ಟ್ರದ 27 ಒಂದು ಸಿಕ್ಕಿತು. ಮಾಲೀಕರು ಒಬ್ಬರೇ, ಆದರೆ ಬಿಲ್ ಬೇರೆ ಬೇರೆ ಆಗಬೇಕು. ಇದನ್ನು ಡೂಪ್ಲಿಕೇಟ್ ಅನ್ನೋಕಾಗುತ್ತಾ? ಇಲ್ಲ. ಎರಡನ್ನೂ ಉಳಿಸಿ, ಮಾಲೀಕರಿಗೆ ಒಂದು ಕೋಡ್ ಕೊಟ್ಟು ಹೊಂದಿಸಿದೆ. ಸಣ್ಣ ಅಂಗಡಿಗಳಿಗೆ ಜಿಎಸ್‌ಟಿಯೇ ಇರುವುದಿಲ್ಲ, ಅಲ್ಲಿ ಫೋನ್ ನಂಬರೇ ಗತಿ, ಅದೂ ಅಪ್ಪ-ಮಗನ ಎರಡು ಅಂಗಡಿಗೆ ಒಂದೇ ಇರುತ್ತದೆ.

ಒಂದು ತಿಳಿದಿರಲಿ, ಕ್ಲಸ್ಟರ್ ಬರೀ ಹೆಸರು ಸರಿಮಾಡುತ್ತದೆ, ಎರಡು ಸಾಲನ್ನು ಒಂದು ಮಾಡುವುದಿಲ್ಲ. ಯಾವ ವಿಳಾಸ ಉಳಿಯಬೇಕು, ಯಾವುದು ಹೋಗಬೇಕು ಅನ್ನೋದು ನಮ್ಮ ತಲೆನೋವು. ಗಿರಾಕಿಯ ಹಳೆಯ ಕೋಡ್, ಯಾವ ಪಟ್ಟಿಯಿಂದ ಬಂತು, ಈ ಎರಡು ಕಾಲಮ್ ಅಳಿಸಲೇಬೇಡಿ.

ನನಗೆ ಜಾಸ್ತಿ ಕಿರಿಕಿರಿ ಆಗಿದ್ದು ಬೇರೆ. ಮಾಡಿದ ಬದಲಾವಣೆಗಳನ್ನು ತೆಗೆದಿಟ್ಟುಕೊಂಡು ಮುಂದಿನ ಪಟ್ಟಿಗೂ ಹಾಕಬಹುದು, ಅದು ಸರಿ. ಆದರೆ 'ಇವೆರಡೂ ಬೇರೆ' ಅಂತ ಬಿಟ್ಟಿದ್ದು ಅದಕ್ಕೆ ನೆನಪಿರುವುದಿಲ್ಲ. ಹಾಗಾಗಿ ರಮಾ-ಉಮಾ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮೂರನೇ ಪಟ್ಟಿ ಮುಂದಿನ ವಾರ ಬರುತ್ತಿದೆ.