ಲೈಟ್‌ರೂಮ್ ಕ್ಲಾಸಿಕ್‌ನ ಎಚ್‌ಡಿಆರ್ ಮರ್ಜ್: ಮಡಿಕೇರಿಯ ರಾತ್ರಿಗೆ ಒಗ್ಗುತ್ತದೆಯೇ?

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು ರಾತ್ರಿ ಒಂದೇ ಫ್ರೇಮಿನಲ್ಲಿ ಹಿಡಿಯುವುದು ಕಷ್ಟ. ದೀಪದ ಸುತ್ತ ಬರೀ ಬಿಳುಪು, ಕಲ್ಯಾಣಿಯ ಮೆಟ್ಟಿಲಲ್ಲಿ ಬರೀ ಕಪ್ಪು. ಇಂಥ ಕಡೆ, ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನ ಎಚ್‌ಡಿಆರ್ ಮರ್ಜ್, ಅಂದರೆ ಬೇರೆ ಬೇರೆ ಎಕ್ಸ್‌ಪೋಷರ್‌ನ ಫ್ರೇಮುಗಳನ್ನು ಒಂದೇ ಚಿತ್ರವಾಗಿ ಬೆಸೆಯುವುದು, ನಿಜಕ್ಕೂ ಒಳ್ಳೆಯ ಸಾಧನ. ಅದು ಕೊಡುವುದು ಬಣ್ಣ ಬಳಿದ ಜೆಪೆಗ್ ಅಲ್ಲ, ಆಮೇಲೂ ತಿದ್ದಬಹುದಾದ ಡಿಎನ್‌ಜಿ ಫೈಲು.

ಟ್ರೈಪಾಡ್ ಮೇಲೆ ಐಎಸ್‌ಒ 100, ಎಫ್/8, ರಾ ಫಾರ್ಮ್ಯಾಟ್. 2, 8, 30 ಸೆಕೆಂಡಿನ ಮೂರು ಫ್ರೇಮು. ದೀಪ ಇನ್ನೂ ಬಿಳುಚಿದರೆ ಅರ್ಧ ಸೆಕೆಂಡಿನದೊಂದು ಸೇರಿಸಿ. ಫೋಕಸ್ ಮ್ಯಾನುಯಲ್‌ನಲ್ಲೇ ಇರಲಿ, ಇಲ್ಲದಿದ್ದರೆ ಫ್ರೇಮಿನಿಂದ ಫ್ರೇಮಿಗೆ ಅದು ಜರುಗುತ್ತದೆ.

ಎಡವುವುದು ಡಿಘೋಸ್ಟ್‌ನಲ್ಲಿ, ಅಂದರೆ ಫ್ರೇಮುಗಳ ನಡುವೆ ಅಲುಗಿದ್ದನ್ನು ಸರಿಪಡಿಸುವ ಆಯ್ಕೆಯಲ್ಲಿ. ಮಂಜು ಹರಿಯುತ್ತಿದ್ದಾಗ 'ಹೈ' ಆರಿಸಿದರೆ ಆಕಾಶದಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ: ಅಲುಗಿದ ಭಾಗಕ್ಕೆ ಒಂದೇ ಫ್ರೇಮಿನ ಮಾಹಿತಿ ಬರುವುದರಿಂದ ಅದರ ನಾಯ್ಸ್ (ಚುಕ್ಕಿ ಚುಕ್ಕಿಯಾದ ಒರಟುತನ) ಹಾಗೇ ಉಳಿಯುತ್ತದೆ. 'ಲೋ' ಸಾಕು, ಗಾಳಿಯಿಲ್ಲದಿದ್ದರೆ ಅದೂ ಬೇಡ.

'ಆಟೋ' ಸೆಟ್ಟಿಂಗ್ ಮಾತ್ರ ನಂಬಬೇಡಿ, ರಾತ್ರಿಯನ್ನು ಸಂಜೆ ಮಾಡಿಬಿಡುತ್ತದೆ. ಹೈಲೈಟ್ಸ್ (ಹೊಳೆಯುವ ಭಾಗ) ಮೈನಸ್ 60ರ ಆಸುಪಾಸು ಇರಲಿ, ಶ್ಯಾಡೋಸ್ (ಕತ್ತಲ ಭಾಗ) ಪ್ಲಸ್ 25 ದಾಟದಿರಲಿ. ನೀರಿನ ಪ್ರತಿಬಿಂಬ ಗುಮ್ಮಟಕ್ಕಿಂತ ತುಸು ಮಂಕಾಗಿಯೇ ಇರಬೇಕು. ಎರಡೂ ಒಂದೇ ಸಮ ಹೊಳೆದರೆ ಶ್ಯಾಡೋಸ್ ಇಳಿಸಿ.